ಕನ್ನಡದಲ್ಲಿ ತಿಮಿಂಗಿಲ

ಮಕ್ಕಳ ಪ್ರಬಂಧದ ಪುಸ್ತಕಗಳನ್ನು ತಿದ್ದುವುದು ಉಪಾಧ್ಯಾಯ ವೃತ್ತಿಯಲ್ಲಿ ಬೇಸರದ ಕೆಲಸವೆಂದು ಹೆಸರಾಗಿದೆ. ಆದರೆ ತಿದ್ದುವವರೇ ತಿದ್ದಿಸಿಕೊಳ್ಳುವ ಸಂದರ್ಭವೂ ಅದರಲ್ಲಿ ಒಮ್ಮೊಮ್ಮೆ ಒದಗುವುದುಂಟು. ‘ಸಮುದ್ರ’ ಎಂಬ ವಿಷಯವನ್ನು ಕೊಟ್ಟು ಬರೆಯಹೇಳಿದಾಗ, ಸಮುದ್ರವನ್ನು ಕಣ್ಣಾರೆ ಕಾಣದ ನಮ್ಮ ತಾಳವಾಡಿ ಸೀಮೆಯ ಹುಡುಗನೊಬ್ಬ ಹೀಗೆ ಬರೆದಿದ್ದ: ‘ತಿಮಿಂಗಿಲವು ಸಮುದ್ರದ ರಾಕ್ಷಸ ಮೀನು. ಅದು ಎದುರಿಗೆ ಬಂದುದನ್ನೆಲ್ಲ ನುಂಗುತ್ತದೆ.’ ವಾಕ್ಯಗಳು ಶುದ್ಧವಾಗಿದ್ದುವು; ವಿಭಕ್ತಿಯಲ್ಲಾಗಲಿ ಕ್ರಿಯಾಪದದಲ್ಲಾಗಲಿ ದೋಷವಿರಲಿಲ್ಲ. ನಾವು ಕೆಂಪು ಮಸಿಯಲ್ಲಿ ಸರಿ ಗುರುತು ಹಾಕಿ ಪುಸ್ತಕವನ್ನು ಹಿಂದಿರುಗಿಸಿದೆವು. ಎರಡು ದಿನ ಕಳೆದ ಮೇಲೆ ಅದೇ ತರಗತಿಯ ಹುಡುಗಿಯೊಬ್ಬಳು ಮೇಜಿನ ಬಳಿ ಬಂದು ನಿಂತು, ‘ವಿಜ್ಞಾನದ ಪಾಠದಲ್ಲಿ ತಿಮಿಂಗಿಲ ಹಾಲೂಡುವ ಪ್ರಾಣಿ ಅಂತ ಇದೆ. ಕನ್ನಡದ ಪಿರಿಯಡ್ಡಿನಲ್ಲಿ ಮಾತ್ರ ಅದು ಮೀನಾ, ಸಾರ್?’ ಎಂದು ಕೇಳಿದಳು. ಆ ಮಗು ಕುಚೋದ್ಯಕ್ಕೆ ಕೇಳಿದ್ದಲ್ಲ. ನಮಗೆ ಮಾತ್ರ ತಕ್ಷಣ ಉತ್ತರ ತೋಚಲಿಲ್ಲ.

ವಿಜ್ಞಾನದ ಉತ್ತರವೇನೋ ಸುಲಭವಾದುದು. ತಿಮಿಂಗಿಲ ಮೀನಲ್ಲ, ಅದರ ರಕ್ತ ಬೆಚ್ಚನೆಯದು, ಉಸಿರಾಡಲು ಅದು ನೀರಿನ ಮೇಲಕ್ಕೆ ಬರಲೇಬೇಕು, ತಿಂಗಳುಗಟ್ಟಲೆ ಗರ್ಭ ಹೊತ್ತು, ಸಾಮಾನ್ಯವಾಗಿ ಒಂದೇ ಮರಿಯನ್ನು ಹೆತ್ತು, ಅದಕ್ಕೆ ಹಾಲು ಕೊಟ್ಟು ಸಾಕುತ್ತದೆ. ನಮ್ಮನ್ನು ಕಾಡಿದ ಪ್ರಶ್ನೆ ಬೇರೆ. ಆ ಹುಡುಗನ ಲೇಖನಿಗೆ ‘ರಾಕ್ಷಸ ಮೀನು’ ಎಲ್ಲಿಂದ ಬಂತು? ಅವನು ಕಡಲನ್ನು ಕಂಡವನಲ್ಲ, ಬೆಸ್ತರ ಕೂಡ ಮಾತನಾಡಿದವನಲ್ಲ. ಅವನಿಗೆ ಅದು ಬಂದದ್ದು ಭಾಷೆಯಿಂದ. ಎಂದರೆ ನಮ್ಮಿಂದ, ನಮ್ಮ ಕಾವ್ಯಗಳಿಂದ, ಕೋಶಗಳಿಂದ, ದಿನಪತ್ರಿಕೆಗಳಿಂದ. ಹಾಗಿದ್ದ ಮೇಲೆ ಇದು ಪ್ರಾಣಿಶಾಸ್ತ್ರದ ಕೊಠಡಿಗೆ ದಾಟಿಸಿ ಕೈತೊಳೆದುಕೊಳ್ಳುವ ವಿಷಯವಲ್ಲ; ಸಾಹಿತ್ಯ ವಿಮರ್ಶೆಗೆ ಸೇರಿದ ವಿಷಯ. ಈ ಪುಟಗಳಲ್ಲಿ ಅದನ್ನೆತ್ತಿಕೊಂಡಿರುವುದಕ್ಕೆ ಇದೇ ಕಾರಣ.

ಮೊದಲು ಪದವನ್ನೇ ನೋಡೋಣ. ‘ತಿಮಿ’ ಎಂದರೆ ಸಂಸ್ಕೃತದಲ್ಲಿ ಸಮುದ್ರದ ಮಹಾಮತ್ಸ್ಯ. ಆ ತಿಮಿಯನ್ನು ನುಂಗುವುದು ತಿಮಿಂಗಿಲ. ಕಲ್ಪನೆ ಅಲ್ಲಿಗೂ ನಿಲ್ಲದೆ ತಿಮಿಂಗಿಲವನ್ನು ನುಂಗುವ ‘ತಿಮಿಂಗಿಲಗಿಲ’ವೆಂಬ ಇನ್ನೊಂದನ್ನೂ ಸೃಷ್ಟಿಸಿ ಕೋಶಕ್ಕೆ ಸೇರಿಸಿತು. ಅಮರಸಿಂಹನು ವಾರಿವರ್ಗದಲ್ಲಿ ತಿಮಿಂಗಿಲವನ್ನು ಮೀನುಗಳ ಸಾಲಿನಲ್ಲಿ ಕೂರಿಸಿದ್ದಾನೆ. ಸ್ವಾರಸ್ಯದ ಸಂಗತಿಯೆಂದರೆ, ಇಂದು ನಾವು ಡಾಲ್ಫಿನ್ ಎನ್ನುವ ಪ್ರಾಣಿಯೆಂದು ವಿದ್ವಾಂಸರು ಗುರುತಿಸುವ ಶಿಶುಮಾರವನ್ನು ಅವನು ಮೀನುಗಳಿಂದ ಬೇರ್ಪಡಿಸಿ, ಮಕರಾದಿ ಜಲಜಂತುಗಳ ಗುಂಪಿಗೆ ಸೇರಿಸಿದ್ದಾನೆ. ಡಾಲ್ಫಿನ್ನು ತಿಮಿಂಗಿಲದ ದಾಯಾದಿ. ನದಿಯಲ್ಲಿ ಕಾಣಸಿಗುವ ದಾಯಾದಿಗೆ ಸರಿಯಾದ ಪೀಠ ದೊರೆಯಿತು. ಕಾಣಸಿಗದ ಹಿರಿಯನಿಗೆ ದೊರೆಯಲಿಲ್ಲ. ಕಂಡು ಇಟ್ಟ ಹೆಸರಿಗೂ ಕೇಳಿ ಇಟ್ಟ ಹೆಸರಿಗೂ ಇರುವ ಅಂತರ ಇದು.

ಪ್ರಾಸಂಗಿಕವಾಗಿ ಒಂದು ಮಾತು. ನಮ್ಮ ಮಕ್ಕಳಲ್ಲಿ ಅನೇಕರು ‘ತಿಮಿಂಗಲ’ ಎಂದು ಬರೆಯುತ್ತಾರೆ; ಅಚ್ಚಾದ ಪುಸ್ತಕಗಳಲ್ಲಿಯೂ ಆ ರೂಪ ಕಾಣುತ್ತದೆ. ವ್ಯಾಕರಣದ ದೃಷ್ಟಿಯಿಂದ ಅದು ತಪ್ಪು, ಏಕೆಂದರೆ ನುಂಗುವ ಅರ್ಥವಿರುವುದು ‘ಗಿಲ’ದಲ್ಲಿ. ಆದರೆ ಪ್ರಾಣಿಯ ದೃಷ್ಟಿಯಿಂದ ನೋಡಿದರೆ, ಆ ‘ಗಿ’ಕಾರ ಬಿದ್ದುಹೋಗುವುದರಿಂದ ಹೊಟ್ಟೆಬಾಕತನದ ಆರೋಪವೂ ಬಿದ್ದುಹೋಗುತ್ತದೆಂದು ಸಮಾಧಾನಪಟ್ಟುಕೊಳ್ಳಬಹುದು!

ಹಾಸ್ಯ ಹಾಗಿರಲಿ. ಆ ಆರೋಪ ಎಷ್ಟರ ಮಟ್ಟಿಗೆ ನಿಜ? ತಿಮಿಂಗಿಲಗಳಲ್ಲೆಲ್ಲ ದೊಡ್ಡದು, ಈ ಭೂಮಿಯ ಮೇಲೆ ಇದ್ದ ಪ್ರಾಣಿಗಳಲ್ಲೆಲ್ಲ ದೊಡ್ಡದೆಂದು ತಿಳಿದವರು ಹೇಳುವಂಥದು, ನೀಲಿ ತಿಮಿಂಗಿಲ. ಅದರ ಉದ್ದ ೩೦ ಮೀಟರನ್ನು ಮುಟ್ಟಬಹುದು. ಅದಕ್ಕೆ ಹಲ್ಲಿಲ್ಲ. ಬಾಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ಇಳಿಬಿದ್ದ ತಟ್ಟೆಗಳಿವೆ. ನೀರನ್ನು ಬಾಯ್ತುಂಬ ತೆಗೆದುಕೊಂಡು, ಆ ತಟ್ಟೆಗಳ ಮೂಲಕ ಹೊರಕ್ಕೆ ಸೋಸಿ, ಉಳಿದ ಕಿರುಬೆರಳುದ್ದದ ಸೀಗಡಿಯಂಥ ಜೀವಿಗಳನ್ನು ಅದು ತಿನ್ನುತ್ತದೆ. ಬಾಯಿ ಕೋಣೆಯಷ್ಟು ಅಗಲವಾದರೂ ಗಂಟಲು ಬಹಳ ಕಿರಿದು. ತಿಮಿಯನ್ನು ನುಂಗುವ ಮಾತಂತಿರಲಿ, ಮನುಷ್ಯನೊಬ್ಬನೂ ಅದರ ಗಂಟಲಲ್ಲಿ ಇಳಿಯಲಾರ. ಹಲ್ಲಿರುವ ತಿಮಿಂಗಿಲಗಳೂ ಇವೆ. ಅವುಗಳಲ್ಲಿ ಹಿರಿದಾದ ಸ್ಪರ್ಮ್ ತಿಮಿಂಗಿಲ ಒಂದು ಕಿಲೋಮೀಟರಿಗೂ ಮಿಕ್ಕ ಆಳದ ಕತ್ತಲೆಗಿಳಿದು, ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಪ್ರಾಣಿಯ ಬಂಧುಗಳನ್ನು ಬೇಟೆಯಾಡುತ್ತದೆ. ಅದು ಬೇಟೆಗಾರನೇ, ನಿಜ. ನಮ್ಮ ಕಾಡಿನ ಹುಲಿಯೂ ಬೇಟೆಗಾರನೇ. ಹುಲಿಯನ್ನು ರಾಕ್ಷಸನೆಂದು ಬರೆದ ಪ್ರಬಂಧಕ್ಕೆ ನಾವು ಸರಿ ಗುರುತು ಹಾಕುತ್ತಿದ್ದೆವೆ ಎಂದು ನಮ್ಮನ್ನು ನಾವೇ ಕೇಳಿಕೊಂಡೆವು. ಹಾಕುತ್ತಿರಲಿಲ್ಲ.

ಪದದ ತಪ್ಪು ಪದದಲ್ಲಿಯೇ ನಿಂತಿದ್ದರೆ ಚಿಂತೆಯಿರಲಿಲ್ಲ. ಅದು ರೂಪಕವಾಗಿ ಬೆಳೆಯಿತು. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಅರಾಜಕ ಸ್ಥಿತಿಯನ್ನು ಕೌಟಿಲ್ಯನ ಕಾಲದಿಂದಲೂ ನಾವು ಮತ್ಸ್ಯನ್ಯಾಯವೆನ್ನುತ್ತ ಬಂದಿದ್ದೇವೆ. ಇಂದಿನ ದಿನಪತ್ರಿಕೆಗಳಲ್ಲಿ ಲಂಚ ತಿಂದು ಸಿಕ್ಕಿಬಿದ್ದ ಹಿರಿಯ ಅಧಿಕಾರಿಗೆ ‘ತಿಮಿಂಗಿಲ’ವೆಂದೇ ಬಿರುದು, ಕಿರಿಯ ನೌಕರನಾದರೆ ‘ಸಣ್ಣ ಮೀನು’. ಬಲೆಗೆ ಬಿದ್ದ ತಿಮಿಂಗಿಲವೆಂದರೆ ಓದುಗನಿಗೆ ಸಂತೋಷವಾಗುತ್ತದೆ. ಹಾಗೆ ಸಂತೋಷಪಡಿಸುವುದಕ್ಕೇ ಆ ಮಾತನ್ನು ಅಲ್ಲಿ ಇಟ್ಟಿರುವುದು. ನಿಜವಾದ ಕಡಲಿನಲ್ಲಿ ನಿಜವಾದ ತಿಮಿಂಗಿಲ ನಿಜವಾದ ಬಲೆಗೆ ಸಿಕ್ಕಿ, ಉಸಿರಿಗಾಗಿ ಮೇಲೆ ಬರಲಾರದೆ ಮುಳುಗಿ ಸಾಯುವುದು ಇಂದು ಜಗತ್ತಿನ ತಿಮಿಂಗಿಲ ಕುಲಕ್ಕೆ ಒದಗಿರುವ ದೊಡ್ಡ ವಿಪತ್ತುಗಳಲ್ಲೊಂದು. ಆ ಸುದ್ದಿಯನ್ನು ಬರೆಯಬೇಕಾಗಿ ಬಂದ ದಿನ ಕನ್ನಡದ ಪತ್ರಿಕೆಯವನು ಯಾವ ಮಾತನ್ನು ಬಳಸಬೇಕು? ಇದ್ದ ಮಾತನ್ನು ಆಗಲೇ ಲಂಚಕೋರನಿಗೆ ದಾನ ಮಾಡಿಯಾಗಿದೆ.

ಹಳೆಯ ಕವಿಗಳ ಮೇಲೆ ಈ ದೋಷವನ್ನು ಹೊರಿಸುವುದು ನ್ಯಾಯವಲ್ಲ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂಬ ಕಟ್ಟಳೆಯಿತ್ತು. ಅವುಗಳಲ್ಲಿ ಸಮುದ್ರ ವರ್ಣನೆಯೂ ಒಂದು. ಒಳನಾಡಿನ ಕವಿ, ಕಡಲಿನ ಉಪ್ಪುಗಾಳಿ ಸೋಕದವನು, ತೆರೆ, ನೊರೆ, ಮುತ್ತು, ಹವಳ, ಮಕರ, ತಿಮಿಂಗಿಲಗಳನ್ನು ಪೂರ್ವಕವಿಗಳಿಂದ ಕಡ ತಂದು ಪೋಣಿಸಿದ. ಅಲ್ಲಿ ತಿಮಿಂಗಿಲ ಪ್ರಾಣಿಯಲ್ಲ, ಅಲಂಕಾರ. ಕಡಲು ಅಗಾಧವೆಂಬುದಕ್ಕೆ ಒಂದು ಅಳತೆಗೋಲು. ಭಕ್ತರ ಬಾಯಲ್ಲಿ ಕಡಲು ಸಂಸಾರಸಾಗರವಾಯಿತು. ದಾಟಬೇಕಾದದ್ದೇ ಹೊರತು ನೋಡಬೇಕಾದದ್ದಲ್ಲ. ಇವೆಲ್ಲ ತಮ್ಮ ತಮ್ಮ ಕಾಲಕ್ಕೆ ಯೋಗ್ಯವೇ ಆಗಿದ್ದುವು.

ಹೊಸಗನ್ನಡದ ವಿಷಯ ಹಾಗಲ್ಲ. ಹೊಸ ಸಾಹಿತ್ಯ ಕಣ್ಣಿನಿಂದ ಕಂಡುದನ್ನು ಬರೆಯುತ್ತೇನೆಂದು ಪಣತೊಟ್ಟು ಹೊರಟಿತು. ಮೇಲಾಗಿ ಅದರ ಹಿರಿಯರಲ್ಲಿ ಅನೇಕರು ಕಡಲ ಮಗ್ಗುಲಲ್ಲಿಯೇ ಹುಟ್ಟಿದವರು. ಮಂಜೇಶ್ವರದ ಗೋವಿಂದ ಪೈಗಳಿಗೆ ತೆರೆಗಳ ಸದ್ದು ಅಪರಿಚಿತವಲ್ಲ. ಪಂಜೆ ಮಂಗೇಶರಾಯರ ‘ತೆಂಕಣ ಗಾಳಿಯಾಟ’ವನ್ನು ಓದದ ಕನ್ನಡದ ಉಪಾಧ್ಯಾಯನಿಲ್ಲ. ಗೋಪಾಲಕೃಷ್ಣ ಅಡಿಗರ ಪದ್ಯಗಳಲ್ಲಿ ಕಡಲು ಮತ್ತೆ ಮತ್ತೆ ಬರುತ್ತದೆ. ಆದರೆ ಆ ಕಡಲು ಹೆಚ್ಚಾಗಿ ಮನಸ್ಸಿನದು. ಎಲ್ಲರಿಗಿಂತ ಹೆಚ್ಚಾಗಿ ಕಡಲನ್ನು ಬಲ್ಲವರು ಶಿವರಾಮ ಕಾರಂತರು. ಅವರನ್ನು ‘ಕಡಲ ತೀರದ ಭಾರ್ಗವ’ನೆಂದೇ ಕರೆದರು. ಅವರ ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಕೋಡಿಯ ಮನೆಯ ಮಗ್ಗುಲಲ್ಲಿಯೇ ಸಮುದ್ರ ಮೊರೆಯುತ್ತದೆ. ಮೂರು ತಲೆಮಾರಿನ ಬದುಕಿಗೆ ಅದು ಹಿನ್ನೆಲೆಯ ಸಂಗೀತ. ಆದರೆ ಹೆಸರೇ ಹೇಳುವಂತೆ, ಆ ಮನೆಯವರ ಋಣ ಮಣ್ಣಿನೊಂದಿಗೆ. ಕಡಲು ಕೊಡುವುದಕ್ಕಿಂತ ಹೆಚ್ಚಾಗಿ ಕೇಳಿಸುತ್ತದೆ, ಕಾಣಿಸುತ್ತದೆ, ಒಮ್ಮೊಮ್ಮೆ ಹೆದರಿಸುತ್ತದೆ. ಅದರೊಳಕ್ಕೆ ಯಾರೂ ಇಳಿಯುವುದಿಲ್ಲ.

ಇದನ್ನು ದೋಷವೆಂದು ಹೇಳುತ್ತಿಲ್ಲ. ಆ ಕಾದಂಬರಿಯ ಹಿರಿಮೆಗೆ ನಮ್ಮ ಪ್ರಮಾಣಪತ್ರ ಬೇಕಾಗಿಯೂ ಇಲ್ಲ. ನಾವು ಹೇಳುವುದಿಷ್ಟೆ: ಕನ್ನಡದ ಕಡಲ ಸಾಹಿತ್ಯ ಬಹುಮಟ್ಟಿಗೆ ದಡದ ಸಾಹಿತ್ಯ. ಬರೆದವರು ದಡದಲ್ಲಿ ಗದ್ದೆಯಿದ್ದವರು, ಅಂಗಡಿಯಿದ್ದವರು, ಶಾಲೆಯಿದ್ದವರು. ದೋಣಿಯೇರಿ ಒಳಕ್ಕೆ ಹೋದ ಮೊಗವೀರರೂ ಖಾರ್ವಿಗಳೂ ಕಂಡುದನ್ನು ಬರಹಕ್ಕಿಳಿಸುವ ಅವಕಾಶ ಬಹುಕಾಲ ಅವರಿಗೆ ದೊರೆಯಲಿಲ್ಲ. ರಂಪಣಿ ಬಲೆ ಎಳೆಯುತ್ತಿದ್ದ ನೂರಾರು ಕೈಗಳ ಅನುಭವ ಹಾಡಿನಲ್ಲಿಯೋ ಪಾಡ್ದನದಲ್ಲಿಯೋ ಇದ್ದೀತು; ಪಠ್ಯಪುಸ್ತಕಕ್ಕೆ ಅದು ಏರಲಿಲ್ಲ. ನಮ್ಮ ನೆರೆಯ ಮಲಯಾಳದಲ್ಲಿ ತಕಳಿಯವರ ‘ಚೆಮ್ಮೀನ್’ ೧೯೫೬ರಲ್ಲಿಯೇ ಮೀನುಗಾರರ ಗುಡಿಸಲಿನೊಳಕ್ಕೆ ಹೊಕ್ಕಿತ್ತು. ಅದರಲ್ಲಿಯೂ ಕಡಲು ತಾಯಿಯಾಗಿ ಶಿಕ್ಷಿಸುತ್ತದೆಯೇ ಹೊರತು, ಕಡಲೊಳಗಿನ ಪ್ರಾಣಿಯ ಬದುಕು ಕಥೆಯ ವಿಷಯವಲ್ಲ.

ಕಾಡಿನ ಕಡೆಗೆ ತಿರುಗಿದರೆ ಚಿತ್ರವೇ ಬೇರೆ. ‘ಗೋವಿನ ಹಾಡು’ ಹಸುವಿಗೆ ಸತ್ಯವನ್ನು ಕೊಟ್ಟಿತೆಂದು ಎಲ್ಲರೂ ಹೊಗಳುತ್ತಾರೆ. ಅದು ಹುಲಿಗೆ ಪಶ್ಚಾತ್ತಾಪವನ್ನು ಕೊಟ್ಟದ್ದು ಅದಕ್ಕಿಂತ ದೊಡ್ಡ ಸಾಹಸವೆಂದು ನಮ್ಮ ಅಭಿಪ್ರಾಯ. ಪಂಜೆಯವರು ವಿಷದ ಹಾವನ್ನೂ ಮಕ್ಕಳು ಅಕ್ಕರೆಯಿಂದ ಕರೆಯುವಂತೆ ಪದ್ಯ ಬರೆದರು. ಕುವೆಂಪು ಅವರ ಮಲೆನಾಡಿನಲ್ಲಿ ಮರಕ್ಕೂ ಹಕ್ಕಿಗೂ ನಾಯಿಗೂ ಪಾತ್ರವಿದೆ. ತೇಜಸ್ವಿಯವರು ಒಂದು ಹಾರುವ ಓತಿಯ ಬೆನ್ನುಹತ್ತಿ ೧೯೮೦ರಲ್ಲಿ ‘ಕರ್ವಾಲೊ’ ಎಂಬ ಕಾದಂಬರಿಯನ್ನೇ ಬರೆದರು. ಗೇಣುದ್ದದ ಓತಿಗೆ ಒಂದು ಕಾದಂಬರಿ. ನೂರು ಅಡಿಯ ತಿಮಿಂಗಿಲಕ್ಕೆ ನಾವು ಓದಿದ ಮಟ್ಟಿಗೆ ಒಂದು ಸಣ್ಣ ಕಥೆಯೂ ಇಲ್ಲ. ೧೯೭೩ರ ‘ಗಂಧದ ಗುಡಿ’ ಚಿತ್ರದಲ್ಲಿ ದೊಡ್ಡಗಾಜನೂರಿನ ರಾಜಕುಮಾರರು ಅರಣ್ಯಾಧಿಕಾರಿಯಾಗಿ ಕಾಣಿಸಿಕೊಂಡ ಮೇಲೆ, ಕಾಡನ್ನು ಕಾಯುವುದು ಗಂಡಸುತನದ, ಗೌರವದ ಕೆಲಸವೆಂಬ ಭಾವನೆ ಹಳ್ಳಿಹಳ್ಳಿಗೆ ಮುಟ್ಟಿತು. ಊರಿನವರೆಂಬ ಅಭಿಮಾನದಿಂದ ಹೇಳುವ ಮಾತಲ್ಲ ಇದು. ನೂರು ಭಾಷಣಗಳು ಮಾಡದುದನ್ನು ಒಂದು ಕಥೆ ಮಾಡಿತೆಂಬುದಷ್ಟೇ ಇಲ್ಲಿ ಮುಖ್ಯ. ಅವರ ಮಗ ಪುನೀತರ ಕಣ್ಮರೆಯಾದ ಮೇಲೆ, ೨೦೨೨ರಲ್ಲಿ, ಅದೇ ಹೆಸರಿನಲ್ಲಿ ತೆರೆಕಂಡ ಸಾಕ್ಷ್ಯಚಿತ್ರದಲ್ಲಿ ಕಡಲಿನಡಿಗೆ ಮುಳುಗಿ ನೋಡುವ ದೃಶ್ಯಗಳೂ ಇವೆ. ತಂದೆ ನಿಂತ ಕಾಡಿನ ಅಂಚಿನಿಂದ ಮಗ ಒಂದು ಹೆಜ್ಜೆ ನೀರಿಗೆ ಇಟ್ಟರು. ಆದರೆ ಅದು ಕ್ಯಾಮೆರಾ ಇಟ್ಟ ಹೆಜ್ಜೆ. ಬರಹಗಾರನ ಲೇಖನಿ ಇನ್ನೂ ದಡದಲ್ಲಿಯೇ ನಿಂತಿದೆ.

ಲೇಖನಿ ಒಳಕ್ಕಿಳಿದರೆ ಸಾಕೆ? ಸಾಲದೆಂಬುದಕ್ಕೆ ಪ್ರಪಂಚದ ಅತಿ ದೊಡ್ಡ ತಿಮಿಂಗಿಲ ಕಾದಂಬರಿಯೇ ಸಾಕ್ಷಿ. ಅಮೆರಿಕದ ಹರ್ಮನ್ ಮೆಲ್ವಿಲ್ ೧೮೪೧ರಲ್ಲಿ ತಾನೇ ಬೇಟೆಯ ಹಡಗೇರಿದವನು. ತಿಮಿಂಗಿಲದ ಎಲುಬನ್ನೂ ಕೊಬ್ಬನ್ನೂ ಕೈಯಾರೆ ಮುಟ್ಟಿದವನು. ಹತ್ತು ವರ್ಷಗಳ ಮೇಲೆ ಅವನು ಬರೆದ ‘ಮೊಬಿ ಡಿಕ್’ ಕಡಲಿನೊಳಗಿನಿಂದಲೇ ಎದ್ದುಬಂದ ಗ್ರಂಥ. ಅಷ್ಟಾದರೂ ಅದರ ನಿರೂಪಕ, ವಿಜ್ಞಾನಿಗಳ ವಾದವನ್ನೆಲ್ಲ ಕೇಳಿಯೂ, ತಿಮಿಂಗಿಲ ಮೀನೇ ಸರಿ ಎಂದು ಹಟ ಹಿಡಿಯುತ್ತಾನೆ. ನೀರು ಚಿಮ್ಮುವ, ಅಡ್ಡಬಾಲದ ಮೀನೆಂದು ಲಕ್ಷಣವನ್ನೂ ಹೇಳುತ್ತಾನೆ. ನಮ್ಮ ಅಮರಸಿಂಹನಿಗೆ ಇದರಿಂದ ಸ್ವಲ್ಪ ಸಮಾಧಾನವಾಗಬೇಕು.

ಅದಕ್ಕಿಂತ ಗಮನಿಸತಕ್ಕ ಅಧ್ಯಾಯ ಆ ಗ್ರಂಥದ ಕೊನೆಯ ಭಾಗದಲ್ಲಿದೆ. ಇಷ್ಟು ಬೇಟೆಯಾಡಿದರೆ ತಿಮಿಂಗಿಲ ಕುಲ ನಾಶವಾದೀತೆ ಎಂದು ನಿರೂಪಕ ಅಲ್ಲಿ ತನ್ನನ್ನು ತಾನೇ ಕೇಳಿಕೊಂಡು, ಆಗದೆಂದು ತೀರ್ಮಾನಿಸುತ್ತಾನೆ. ಅದಕ್ಕೆ ಅವನು ಕೊಡುವ ದೃಷ್ಟಾಂತ ಯಾವುದೆಂದು ಬಲ್ಲಿರಾ? ಆನೆ! ಪೂರ್ವದೇಶದ ರಾಜರು ಸಾವಿರಾರು ವರ್ಷಗಳಿಂದ ಆನೆಗಳನ್ನು ಬೇಟೆಯಾಡಿದರೂ ಅವು ಇನ್ನೂ ಹಿಂಡು ಹಿಂಡಾಗಿ ಉಳಿದಿರುವಾಗ, ಅದಕ್ಕಿಂತ ವಿಶಾಲವಾದ ಬಯಲುಳ್ಳ ತಿಮಿಂಗಿಲಕ್ಕೆ ಏನು ಭಯ, ಎಂಬುದು ಅವನ ತರ್ಕ. ಕೆರೆಯಂಗಳದಲ್ಲಿ ಆನೆಯ ಹೆಜ್ಜೆ ನೋಡುತ್ತ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಈ ತರ್ಕದ ಪೊಳ್ಳು ತಟಕ್ಕನೆ ಹೊಳೆದೀತು. ಆನೆ ಉಳಿದಿದ್ದರೆ ಅದು ಕಾಡು ಉಳಿದ ಕಡೆ; ಅದೂ ಕಾಯುವವರಿದ್ದ ಕಡೆ.

ಮೆಲ್ವಿಲ್ ಕಂಡದ್ದು ಹುಟ್ಟುಹಾಕುವ ದೋಣಿ ಮತ್ತು ಕೈಯಿಂದೆಸೆಯುವ ಈಟಿ. ಅವನ ಪುಸ್ತಕ ಬಂದ ಇಪ್ಪತ್ತು ವರ್ಷಗಳೊಳಗೆ ನಾರ್ವೆಯಲ್ಲಿ ಈಟಿಯನ್ನು ಹಾರಿಸುವ ಫಿರಂಗಿ ಸಿದ್ಧವಾಯಿತು. ಈಟಿಯ ತುದಿಯಲ್ಲಿ ಸಿಡಿಗುಂಡು. ಮುಂದೆ, ಹಿಡಿದ ಪ್ರಾಣಿಯನ್ನು ಹಡಗಿನ ಮೇಲೆಯೇ ಎಳೆದುಕೊಂಡು ಕೊಯ್ದು ಕುದಿಸಿ ಎಣ್ಣೆ ತೆಗೆಯುವ ಕಾರ್ಖಾನೆ ಹಡಗುಗಳು ಬಂದುವು. ೧೯೩೦–೩೧ರ ಒಂದೇ ಬೇಟೆಯ ಋತುವಿನಲ್ಲಿ ದಕ್ಷಿಣ ಧ್ರುವದ ಕಡಲಿನಲ್ಲಿ ಕೊಂದ ನೀಲಿ ತಿಮಿಂಗಿಲಗಳು ಸುಮಾರು ೨೯,೦೦೦. ಇಪ್ಪತ್ತನೆಯ ಶತಮಾನದಲ್ಲಿ ಎಲ್ಲ ಜಾತಿಯ ದೊಡ್ಡ ತಿಮಿಂಗಿಲಗಳು ಸೇರಿ ಸುಮಾರು ೨೯ ಲಕ್ಷ. ದೀಪದ ಎಣ್ಣೆಗೆ, ಸಾಬೂನಿಗೆ, ಬೆಣ್ಣೆಯ ಬದಲು ಬ್ರೆಡ್ಡಿಗೆ ಸವರುವ ಕೊಬ್ಬಿಗೆ! ಎದುರಿಗೆ ಬಂದುದನ್ನೆಲ್ಲ ನುಂಗಿದ್ದು ಯಾರೆಂದು ಆ ಹುಡುಗನ ವಾಕ್ಯಕ್ಕೆ ಹೊಸ ಕರ್ತೃಪದವನ್ನು ಹುಡುಕಬೇಕಾಗಿದೆ. ೧೯೪೬ರಲ್ಲಿ ದೇಶಗಳು ಸೇರಿ ಒಪ್ಪಂದ ಮಾಡಿಕೊಂಡುವು. ೧೯೮೨ರಲ್ಲಿ ವ್ಯಾಪಾರದ ಬೇಟೆಯನ್ನು ನಿಲ್ಲಿಸುವ ನಿರ್ಣಯವಾಯಿತು. ಅಷ್ಟು ಹೊತ್ತಿಗೆ ದಕ್ಷಿಣ ಕಡಲಿನ ನೀಲಿ ತಿಮಿಂಗಿಲಗಳಲ್ಲಿ ನೂರಕ್ಕೆ ಒಂದರಷ್ಟು ಉಳಿದಿದ್ದರೆ ಹೆಚ್ಚು.

ದಕ್ಷಿಣ ಧ್ರುವದ ಮಾತು ನಮಗೇಕೆ ಎನ್ನುವವರಿಗೆ ನಮ್ಮ ಅರಬ್ಬೀ ಸಮುದ್ರದ ಕಥೆಯನ್ನು ಹೇಳಬೇಕಾಗಿದೆ. ಹಂಪ್‌ಬ್ಯಾಕ್, ಎಂದರೆ ಗೂನುಬೆನ್ನಿನದು, ಎಂಬ ಜಾತಿಯ ತಿಮಿಂಗಿಲಗಳು ಬೇರೆಲ್ಲ ಕಡೆ ವರ್ಷಕ್ಕೊಮ್ಮೆ ಧ್ರುವದ ತಣ್ಣೀರಿಗೂ ಸಮಭಾಜಕದ ಬೆಚ್ಚನೆಯ ನೀರಿಗೂ ಸಾವಿರಾರು ಮೈಲಿ ವಲಸೆ ಹೋಗಿಬರುತ್ತವೆ. ಅರಬ್ಬೀ ಸಮುದ್ರದವು ಮಾತ್ರ ಹಾಗೆ ಹೋಗುವುದಿಲ್ಲ. ಮುಂಗಾರು ಗಾಳಿ ಆಳದ ತಂಪು ನೀರನ್ನು ಮೇಲಕ್ಕೆಬ್ಬಿಸಿ, ಬೂತಾಯಿಯಂಥ ಮೀನುಗಳಿಗೆ ಮೇವನ್ನು ಒದಗಿಸುವುದರಿಂದ, ಅವು ಇಲ್ಲಿಯೇ ನೆಲೆಸಿವೆ. ಎಷ್ಟೋ ಸಾವಿರ ವರ್ಷಗಳಿಂದ ಬೇರೆ ಕಡಲಿನ ಬಂಧುಗಳೊಡನೆ ಅವಕ್ಕೆ ಕೊಳುಕೊಡೆಯಿಲ್ಲ. ಗಂಡುಗಳು ಹಾಡುತ್ತವೆ. ಆ ಹಾಡಿನ ಧಾಟಿಯೂ ಬೇರೆ. ನಮ್ಮ ಗಡಿನಾಡಿನ ಕನ್ನಡದಂತೆ ಅದಕ್ಕೂ ಒಂದು ಒಳನುಡಿ. ಒಮಾನಿನ ಕಡೆ ಎಣಿಸಿದಾಗ ಅವುಗಳ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ೧೯೬೬ರ ನವೆಂಬರ್ ತಿಂಗಳಲ್ಲಿ ಸೋವಿಯತ್ ಬೇಟೆಯ ಹಡಗುಗಳು ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಕರಾವಳಿಯಾಚೆ ಸುಮಾರು ೨೪೦ ಹಂಪ್‌ಬ್ಯಾಕುಗಳನ್ನು ನಿಯಮಬಾಹಿರವಾಗಿ ಕೊಂದುವು. ಲೆಕ್ಕ ಮುಚ್ಚಿಟ್ಟದ್ದರಿಂದ, ಆ ರಾಜ್ಯವೇ ಅಳಿದ ಮೇಲೆ, ೧೯೯೦ರ ದಶಕದಲ್ಲಿ ಈ ಸುದ್ದಿ ಹೊರಬಂತು. ಒಂದೇ ತಿಂಗಳ ಆ ಪೆಟ್ಟಿನಿಂದ ಆ ಕುಲ ಇನ್ನೂ ಚೇತರಿಸಿಕೊಂಡಿಲ್ಲ.

೨೦೧೭ರ ಕೊನೆಯಲ್ಲಿ ವಿಜ್ಞಾನಿಗಳು ಒಮಾನಿನ ತೀರದಲ್ಲಿ ಅಂಥ ಒಂದು ಹೆಣ್ಣು ತಿಮಿಂಗಿಲಕ್ಕೆ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಗುರುತನ್ನು ಕೂಡಿಸಿದರು. ಅದಕ್ಕಿಟ್ಟ ಹೆಸರು ಲುಬಾನ್. ಅರಬ್ಬಿಯಲ್ಲಿ ಲುಬಾನ್ ಎಂದರೆ ಆ ನಾಡಿನ ಪರಿಮಳದ ಧೂಪ. ಅದು ಅರಬ್ಬೀ ಸಮುದ್ರವನ್ನು ಅಡ್ಡಲಾಗಿ ದಾಟಿ ಗೋವೆಯ ಹತ್ತಿರ ಬಂದು, ಅಲ್ಲಿಂದ ದಕ್ಷಿಣಕ್ಕೆ ಕೇರಳದ ಕಡೆಗಿಳಿಯಿತು. ಗೋವೆಗೂ ಕೇರಳಕ್ಕೂ ನಡುವೆ ಇರುವುದು ಯಾವ ನಾಡಿನ ಕಡಲು? ಭೂಪಟವನ್ನು ಬಿಡಿಸಿ ಮಕ್ಕಳನ್ನು ಕೇಳಿದೆವು. ಕಾರವಾರ, ಹೊನ್ನಾವರ, ಭಟ್ಕಳ, ಕುಂದಾಪುರ, ಮಲ್ಪೆ, ಮಂಗಳೂರು, ಕಾಸರಗೋಡು ಎಂದು ಬೆರಳಿಟ್ಟು ಓದಿದರು. ಧೂಪದ ಹೆಸರಿನ ಅತಿಥಿ ಕನ್ನಡ ಕರಾವಳಿಯ ಉದ್ದಕ್ಕೂ ಹಾದುಹೋಯಿತು. ಗೋವೆಯಾಚೆಯ ನೀರಿನಲ್ಲಿ ಈ ಜಾತಿಯ ಹಾಡನ್ನು 
ಯಂತ್ರಗಳು ಕೇಳಿ ದಾಖಲಿಸಿವೆ. ಆ ಹಾಡಿಗೆ ಕಾರವಾರ ಎಷ್ಟು ದೂರ?

ಅದೇ ಕನ್ನಡ ನಾಡಿನ ಪತ್ರಿಕೆಗಳಲ್ಲಿ ತಿಮಿಂಗಿಲ ಈಚಿನ ವರ್ಷಗಳಲ್ಲಿ ಅಡಿಗಡಿಗೆ ಕಾಣಿಸಿಕೊಂಡಿರುವುದು ಬೇರೊಂದು ರೂಪದಲ್ಲಿ. ‘ತಿಮಿಂಗಿಲ ವಾಂತಿ’ ಎಂಬ ಶೀರ್ಷಿಕೆಯನ್ನು ಓದದವರಿಲ್ಲ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಕರಾವಳಿಯಲ್ಲಿ ಇಷ್ಟು ಕಿಲೋ ವಾಂತಿ ವಶ, ಬೆಲೆ ಇಷ್ಟು ಕೋಟಿ, ಇಷ್ಟು ಮಂದಿ ಬಂಧನ. ವಸ್ತುವಿನ ನಿಜವಾದ ಹೆಸರು ಅಂಬರ್‌ಗ್ರೀಸ್. ಅದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ, ಅದು ತಿಂದ ಬೊಂಡಾಸಿನ ಗಟ್ಟಿ ಕೊಕ್ಕುಗಳ ಸುತ್ತ ಹೆಪ್ಪುಗಟ್ಟುವ ಮೇಣದಂಥ ಪದಾರ್ಥ. ವಾಂತಿಯಾಗಿ ಅಲ್ಲ, ಮಲದ ದಾರಿಯಲ್ಲಿಯೇ ಹೊರಬೀಳುತ್ತದೆಂದು ಬಲ್ಲವರ ಅಭಿಪ್ರಾಯ. ಸುಗಂಧ ದ್ರವ್ಯಗಳ ತಯಾರಿಕೆಯಲ್ಲಿ ಅದಕ್ಕೆ ಬೇಡಿಕೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ದೇಶದಲ್ಲಿ ಅದನ್ನು ಮಾರುವುದು ಅಪರಾಧ. ಈ ವರದಿಗಳ ಗದ್ಯವನ್ನು ವಿಮರ್ಶಕನ ಕಣ್ಣಿನಿಂದ ಓದಬೇಕು. ಕೋಟಿಯ ಅಂಕಿ ಮೊದಲ ಸಾಲಿನಲ್ಲಿ, ಆರೋಪಿಗಳು ಎರಡನೆಯದರಲ್ಲಿ, ಪ್ರಾಣಿ ಎಲ್ಲಿಯೂ ಇಲ್ಲ. ‘ತೇಲುವ ಚಿನ್ನ’ವೆಂಬ ಬಿರುದು ಬೇರೆ. ಓದಿದ ಹುಡುಗನ ಮನಸ್ಸಿನಲ್ಲಿ ಉಳಿಯುವುದು ಕಾಯಿದೆಯಲ್ಲ, ಬೆಲೆ. ಚಿನ್ನದ ಮೊಟ್ಟೆಯಿಡುವ ಕೋಳಿಯ ಕಥೆಯನ್ನು ಕೇಳಿ ಬೆಳೆದವನು ಮುಂದೆ ಏನನ್ನು ಯೋಚಿಸಿಯಾನೆಂದು ಆ ವರದಿಗಾರರು ಒಮ್ಮೆ ಯೋಚಿಸಬಾರದೆ?

ಒಂದು ಹೆಸರಿನಿಂದ ಇಷ್ಟೆಲ್ಲ ಆದೀತೇ ಎಂದು ಶಂಕಿಸುವವರಿಗೆ ಗುಜರಾತಿನ ಸಂಗತಿಯನ್ನು ಹೇಳಿ ಮುಂದೆ ಸಾಗುತ್ತೇವೆ. ಅಲ್ಲಿನ ಸೌರಾಷ್ಟ್ರ ತೀರಕ್ಕೆ ತಿಮಿಂಗಿಲ ಶಾರ್ಕ್ ಎಂಬ ಪ್ರಾಣಿ ಬರುತ್ತದೆ. ಇದು ತಿಮಿಂಗಿಲವಲ್ಲ, ನಿಜವಾಗಿ ಮೀನೇ. ಮೀನುಗಳಲ್ಲೆಲ್ಲ ದೊಡ್ಡದು, ಬಹಳ ಸಾಧು. ಅದರ ಯಕೃತ್ತಿನ ಎಣ್ಣೆಯನ್ನು ದೋಣಿಗೆ ಬಳಿಯುತ್ತಿದ್ದರು, ಮಾಂಸವನ್ನು ಹೊರದೇಶಕ್ಕೆ ಕಳುಹಿಸುತ್ತಿದ್ದರು. ೨೦೦೧ರಲ್ಲಿ ಕಾಯಿದೆ ಅದಕ್ಕೆ ರಕ್ಷಣೆ ಕೊಟ್ಟಿತಾದರೂ, ದಡದ ಜನರಿಗೆ ಅದರ ಅರಿವು ಅಷ್ಟಕ್ಕಷ್ಟೆ. ೨೦೦೪ರಲ್ಲಿ ಆರಂಭವಾದ ಪ್ರಚಾರ ಕಾರ್ಯದಲ್ಲಿ ಕಥಾವಾಚಕ ಮುರಾರಿ ಬಾಪು ಅದನ್ನು, ಹೆರಿಗೆಗೆ ತವರಿಗೆ ಬಂದ ಮಗಳಿಗೆ ಹೋಲಿಸಿದರು. ಅದಕ್ಕೆ ‘ವ್ಹಾಲಿ’, ಎಂದರೆ ಅಕ್ಕರೆಯವಳು, ಎಂಬ ಹೆಸರು ಬಂತು. ತವರಿಗೆ ಬಂದ ಮಗಳನ್ನು ಯಾರು ಕೊಲ್ಲುತ್ತಾರೆ? ಅಂದಿನಿಂದ ಮೀನುಗಾರರು ತಮ್ಮ ಬಲೆಯನ್ನೇ ಕತ್ತರಿಸಿ ಬಿಟ್ಟ ವ್ಹಾಲಿಗಳು ನೂರಾರು. ಹರಿದ ಬಲೆಗೆ ಸರ್ಕಾರ ಪರಿಹಾರವನ್ನೂ ಕೊಟ್ಟಿತು. ಇದು ಉಪಮಾಲಂಕಾರದ ಕೆಲಸ. ಅಲಂಕಾರವನ್ನು ಪರೀಕ್ಷೆಗೆ ಉರುಹೊಡೆಯುವ ನಮ್ಮ ಮಕ್ಕಳಿಗೆ ಈ ಉದಾಹರಣೆಯನ್ನು ಕೊಟ್ಟರೆ, ಉಪಮಾನ ಉಪಮೇಯಗಳ ಮೇಲೆ ಅವರಿಗೆ ಸ್ವಲ್ಪ ಗೌರವ ಹುಟ್ಟೀತು.

ಪರಿಹಾರದ ಮಾತನ್ನು ಬೇಕೆಂದೇ ಹೇಳಿದೆವು. ಬೆಟ್ಟದ ಮೇಲೆ ಕುಳಿತು ಕಡಲಿನವರಿಗೆ ಬುದ್ಧಿ ಹೇಳುವುದು ಸುಲಭ. ಪಟ್ಟಣದಲ್ಲಿ ಕುಳಿತವರು ‘ಆನೆಯನ್ನು ಉಳಿಸಿ’ ಎಂದು ಬರೆದಾಗ, ರಾತ್ರಿಯೆಲ್ಲ ಅಟ್ಟಣೆಯ ಮೇಲೆ ತಮಟೆ ಬಡಿದು ರಾಗಿಯನ್ನೋ ಬಾಳೆಯನ್ನೋ ಕಾದ ನಮ್ಮ ರೈತರಿಗೆ ಹೇಗನ್ನಿಸುತ್ತದೆಂಬುದನ್ನು ನಾವು ಬಲ್ಲೆವು. ಮಲ್ಪೆಯ ಮೀನುಗಾರನಿಗೂ ಬಲೆಯೆಂದರೆ ಸಾಲದ ದುಡ್ಡು. ಮುಂಗಾರಿನಲ್ಲಿ ಅರುವತ್ತೊಂದು ದಿನ ಯಂತ್ರದೋಣಿಗಳನ್ನು ದಡಕ್ಕೆ ಕಟ್ಟಿ ಕೂರುವ ನಿಯಮವನ್ನು ಪಾಲಿಸುವವನು ಅವನೇ. ತಿಮಿಂಗಿಲವನ್ನು ರಾಕ್ಷಸನಾಗಿಸಿದ ನಮ್ಮ ಗದ್ಯ, ನಾಳೆ ಆ ಪಾತ್ರವನ್ನು ಮೀನುಗಾರನಿಗೆ ಹಂಚಿದರೆ ಆ ಕಥೆಯಿಂದ ಯಾರಿಗೂ ಲಾಭವಿಲ್ಲ. ಹಡಗುಗಳ ಗದ್ದಲದಿಂದ ಹಾಡು ಕೇಳಿಸದಾಗುವುದು, ಹಡಗಿನ ಮೂತಿಗೆ ಸಿಕ್ಕಿ ಸಾಯುವುದು, ಬಿಸಿಯೇರುವ ನೀರಿನಲ್ಲಿ ಮೇವು ಚದರುವುದು, ಇವಾವುವೂ ಅವನೊಬ್ಬನಿಂದ ಆದುವಲ್ಲ. ನಾವೂ ಪೂರ್ಣ ನಿರಪರಾಧಿಗಳಲ್ಲ. ನಮ್ಮ ಈ ಬೆಟ್ಟಗಳ ನೀರು ಒಂದು ಮಗ್ಗುಲಿಗೆ ಸುವರ್ಣಾವತಿಯ ಕಡೆಗೂ ಇನ್ನೊಂದು ಮಗ್ಗುಲಿಗೆ ಮೋಯಾರಿಗೂ ಹರಿದು, ಕೊನೆಗೆ ಎರಡೂ ಕಾವೇರಿಯಾಗಿ ಪೂಂಪುಹಾರಿನಲ್ಲಿ ಕಡಲು ಸೇರುತ್ತದೆ. ಸಂತೆಯ ದಿನ ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್ ಚೀಲಕ್ಕೆ ದಾರಿ ಕೇಳುವ ಅಗತ್ಯವಿಲ್ಲ.

ಪೂಂಪುಹಾರಿಗೂ ತೆಂಕಣಕ್ಕೆ, ನಮ್ಮ ರಾಜ್ಯದ್ದೇ ಆದ ತಿರುಚೆಂದೂರಿನ ತೀರದಲ್ಲಿ ೨೦೧೬ರ ಜನವರಿಯಲ್ಲಿ ಎಂಬತ್ತಕ್ಕೂ ಹೆಚ್ಚು ಪೈಲಟ್ ತಿಮಿಂಗಿಲಗಳು ಮರಳಿನ ಮೇಲೆ ಬಂದು ಬಿದ್ದುವು. ಊರಿನ ಮೀನುಗಾರರೇ ದೋಣಿಗೆ ಕಟ್ಟಿ ಅವುಗಳನ್ನು ನೀರಿಗೆ ಎಳೆದರು. ಎಷ್ಟೋ ಪ್ರಾಣಿಗಳು ಮತ್ತೆ ದಡಕ್ಕೇ ಬಂದುವು, ಅರ್ಧದಷ್ಟು ಉಳಿಯಲಿಲ್ಲ. ಮಹಾಕಾವ್ಯದ ಸಮುದ್ರ ವರ್ಣನೆಯಲ್ಲಿ ಇಲ್ಲದ ದೃಶ್ಯ ಇದು. ರಾಕ್ಷಸ ಮೀನನ್ನು ಮೀನುಗಾರ ಹಗ್ಗ ಕಟ್ಟಿ ಬದುಕಿಸಲು ಹೆಣಗುತ್ತಾನೆ. ಕನ್ನಡದ ಕಥೆಗಾರನೊಬ್ಬ ಆ ದಿನ ಅಲ್ಲಿದ್ದಿದ್ದರೆ ಎಂದು ನಮಗೆ ಆಸೆಯಾಗುತ್ತದೆ.

ಹೊನ್ನಾವರದ ಬಳಿ ಅಪ್ಸರಕೊಂಡ–ಮುಗಳಿ ಎಂಬಲ್ಲಿ ಕರ್ನಾಟಕ ಸರ್ಕಾರ ಕಡಲಿಗೂ ಒಂದು ವನ್ಯಜೀವಿ ಧಾಮವನ್ನು ಘೋಷಿಸಿರುವುದು ಸಂತೋಷದ ಸುದ್ದಿ. ಧಾಮ ಬಂತು, ಅಲ್ಲಿನ ಜೀವಿಗಳ ಕನ್ನಡದ ಹೆಸರುಗಳು ಬರಬೇಕು. ಬಂಗುಡೆ, ಬೂತಾಯಿ, ಅಂಜಲ್, ಬೊಂಡಾಸ್ ಮುಂತಾದ ತಿನ್ನುವ ಪ್ರಾಣಿಗಳ ಹೆಸರು ಊಟದ ಎಲೆಯ ದಾರಿಯಿಂದ ಒಳನಾಡಿಗೂ ಬಂದಿವೆ. ತಿನ್ನದ ಪ್ರಾಣಿಗಳನ್ನು, ದೋಣಿಯ ಪಕ್ಕದಲ್ಲಿ ಉಸಿರುಬಿಟ್ಟು ಮುಳುಗುವ ತಿಮಿಂಗಿಲವನ್ನು, ದೋಣಿಯ ಮುಂದೆ ನೆಗೆಯುವ ಡಾಲ್ಫಿನ್ನನ್ನು, ಕಡಲಿಗೆ ಹೋಗುವವರು ತಮ್ಮ ತಮ್ಮಲ್ಲಿ ಏನೆಂದು ಕರೆಯುತ್ತಾರೆ? ಕೊಂಕಣಿಯಲ್ಲಿ, ತುಳುವಿನಲ್ಲಿ, ಕುಂದಗನ್ನಡದಲ್ಲಿ ಆ ಮಾತುಗಳು ಇದ್ದೇ ಇರಬೇಕು. ಕಂಡು ಇಟ್ಟ ಹೆಸರುಗಳು ಅವು. ಈ ಪತ್ರಿಕೆಯ ವಾಚಕರಲ್ಲಿ ಕರಾವಳಿಯಲ್ಲಿ ಉಪಾಧ್ಯಾಯರಾಗಿರುವ ಬಂಧುಗಳಿದ್ದವರು, ಮೀನುಗಾರರ ಮಕ್ಕಳ ಬಾಯಿಂದ ಅಂಥ ಹತ್ತು ಮಾತುಗಳನ್ನು ಬರೆಸಿ ತರಿಸಿಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಉಚ್ಚಾರಣೆ ಹೇಗಿದೆಯೋ ಹಾಗೆಯೇ ಇರಲಿ, ತಿದ್ದುವುದು ಬೇಡ. ಆ ಹುಡುಗನ ಪುಸ್ತಕವನ್ನು ನಾವು ಮರಳಿ ತೆಗೆದುಕೊಂಡಿದ್ದೇವೆ. ಸರಿ ಗುರುತನ್ನು ಹೊಡೆದುಹಾಕಿಯಾಗಿದೆ. ಅದರ ಪಕ್ಕದಲ್ಲಿ ಬರೆಯಬೇಕಾದ ಮಾತಿಗೆ ಜಾಗ ಬಿಟ್ಟಿದ್ದೇವೆ.